ಯಶವಂತಪುರದ ಬೆಳ್ಳಿ: ನಾಣ್ಯ ಕೂಡಿಡಲು ಹೊರಟವಳಿಗೆ ದೊಡ್ಡಮ್ಮನ ಕಿವಿಮಾತು

ನೋಡಮ್ಮ, ನಿನಗೆ ರೋಮನ್ ನಾಣ್ಯಗಳ ಹುಚ್ಚು ಹಿಡಿದಿದೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ಆತಂಕವಿತ್ತು. ನನಗೆ ಮಾತ್ರ ಖುಷಿಯಾಯಿತು. ನಾನು ಇಷ್ಟು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳು; ಮನೆಯಲ್ಲೇ ಒಬ್ಬಳಿಗೆ ಹಳೆಯ ಲೋಹದ ಮೇಲೆ ಮನಸ್ಸು ಹೋದರೆ ಬೇಡ ಅನ್ನುತ್ತೇನೆಯೇ? ಆದರೆ ಈ ತಿಂಗಳ ಸಂಬಳದಲ್ಲೇ ಯಾರೋ ತೋರಿಸಿದ ಒಂದು ಟೈಬೀರಿಯಸ್ ಬೆಳ್ಳಿ ನಾಣ್ಯ ಕೊಳ್ಳುತ್ತೀಯಂತೆ. ಅಲ್ಲಿ ಸ್ವಲ್ಪ ತಡೆ. ಮೊದಲು ಓದುವುದನ್ನು ಕಲಿ, ಆಮೇಲೆ ಕೊಳ್ಳುವೆಯಂತೆ.

ನೀನು ಹೆಬ್ಬಾಳದಿಂದ ದಿನಾ ಓಡಾಡುವ ನೆಲವೇ ಈ ವಿಷಯದಲ್ಲಿ ದೊಡ್ಡದು. 1965ರಲ್ಲಿ ಯಶವಂತಪುರದಲ್ಲಿ 256 ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕವು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. ಅದಕ್ಕೂ ಮುಂಚೆ 1891ರಲ್ಲಿ ಬೆಂಗಳೂರಿನ ಹತ್ತಿರ ಇಂಥವೇ 163 ನಾಣ್ಯಗಳು ಸಿಕ್ಕಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರ ಉತ್ಖನನ, ಆಮೇಲೆ 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನ, ಎರಡರಲ್ಲೂ ಮಣ್ಣಿನ ಪದರಗಳ ನಡುವೆ ರೋಮನ್ ಬೆಳ್ಳಿ ಸಿಕ್ಕಿತು. ನಿಮ್ಮ ಹೆಬ್ಬಾಳದ ಕಿತ್ತಯ್ಯನ ಶಾಸನ ಕ್ರಿ.ಶ. 750ರ ಸುಮಾರಿನದು ಅಂತ ನಾವೆಲ್ಲ ಹೆಮ್ಮೆಪಡುತ್ತೇವಲ್ಲ, ಯಶವಂತಪುರದ ಈ ನಾಣ್ಯಗಳು ಅಚ್ಚಾದದ್ದು ಅದಕ್ಕೂ ಏಳುನೂರು ವರ್ಷ ಹಿಂದೆ.

ಈ ಬೆಳ್ಳಿ ಇಲ್ಲಿಗೆ ಬಂದದ್ದು ವ್ಯಾಪಾರದಿಂದ. ಮೆಣಸು, ಮುತ್ತು, ಹರಳು, ತೆಳು ಬಟ್ಟೆಗಾಗಿ ರೋಮಿನವರು ಮಳೆಗಾಲದ ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದರು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ನುಂಗುತ್ತಿದೆ ಎಂದು ರೋಮಿನ ಬರಹಗಾರ ಪ್ಲಿನಿ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸ್ ಸೇರಿದರೆ ಒಂದು ಬೆಳ್ಳಿ ಡಿನೇರಿಯಸ್. ಅಂದರೆ ಒಂದೂಕಾಲು ಕೋಟಿ ಡಿನೇರಿಯಸ್ ಆಯಿತು. ಅವನ ಲೆಕ್ಕದಲ್ಲಿ ಸಿಟ್ಟೂ ಬೆರೆತಿರಬಹುದು, ಆದರೆ ಕೊಯಮತ್ತೂರಿನ ಸುತ್ತ ಸಿಕ್ಕ ರಾಶಿಗಳನ್ನು ನೋಡಿದರೆ ಅವನು ಸುಮ್ಮನೆ ಕೂಗಾಡಿದವನಲ್ಲ ಅನ್ನಿಸುತ್ತದೆ.

ಈಗ ಓದುವ ಮಾತಿಗೆ ಬರೋಣ. ನಮ್ಮ ಕಡೆ ಹೆಚ್ಚಾಗಿ ಸಿಗುವ ಬೆಳ್ಳಿ ನಾಣ್ಯ ಎರಡೇ ಬಗೆ. ಆ ಎರಡನ್ನು ಕಣ್ಣಿಗೆ ಗಟ್ಟಿಮಾಡಿಕೊಂಡರೆ ಅರ್ಧ ದಾರಿ ನಡೆದಂತೆ.

ಒಂದು ಆಗಸ್ಟಸನದು. ಮುಮ್ಮುಖದಲ್ಲಿ ಎಲೆಗಳ ಕಿರೀಟ ತೊಟ್ಟ ಅವನ ತಲೆ, ಬಲಕ್ಕೆ ತಿರುಗಿದೆ. ಹಿಮ್ಮುಖ ತಿರುಗಿಸಿ ಲೆನ್ಸ್ ಹಿಡಿ. ಇಬ್ಬರು ಹುಡುಗರು ಟೋಗಾ ಹೊದ್ದು ಎದುರಿಗೆ ನಿಂತಿದ್ದಾರೆ. ಅವರ ನಡುವೆ ಎರಡು ದುಂಡು ಗುರಾಣಿ, ಹಿಂದೆ ಎರಡು ಈಟಿ. ಇನ್ನೂ ಮೇಲೆ, ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, ಪೂಜೆಯ ಸೌಟು ಮತ್ತು ಪುರೋಹಿತರ ಬಾಗಿದ ಕೋಲು. ಆ ಹುಡುಗರು ಗಾಯಸ್ ಮತ್ತು ಲೂಸಿಯಸ್, ಆಗಸ್ಟಸನ ಮಗಳ ಮಕ್ಕಳು. ಅವನು ಅವರನ್ನು ದತ್ತು ತೆಗೆದುಕೊಂಡು ತನ್ನ ಉತ್ತರಾಧಿಕಾರಿಗಳೆಂದು ಲೋಕಕ್ಕೆ ಸಾರಿದ. ಇದು ಕ್ರಿ.ಪೂ. 2ರಿಂದ ಈಗಿನ ಫ್ರಾನ್ಸಿನ ಲಿಯಾನ್ ಟಂಕಸಾಲೆಯಲ್ಲಿ ಅಚ್ಚಾಯಿತು. ಲೂಸಿಯಸ್ ಕ್ರಿ.ಶ. 2ರಲ್ಲಿ ತೀರಿಕೊಂಡ, ಗಾಯಸ್ ಕ್ರಿ.ಶ. 4ರಲ್ಲಿ. ಗದ್ದುಗೆ ಇಬ್ಬರಿಗೂ ಸಿಗಲಿಲ್ಲ. ಅವರ ಚಿತ್ರ ಹೊತ್ತ ಬೆಳ್ಳಿ ಮಾತ್ರ ದಕ್ಷಿಣ ಭಾರತದ ಮಡಕೆಗಳಲ್ಲಿ ರಾಶಿರಾಶಿಯಾಗಿ ಉಳಿಯಿತು.

ಇನ್ನೊಂದು ಟೈಬೀರಿಯಸನದು. ಒಂದು ಕಡೆ ಅವನ ತಲೆ. ಸುತ್ತಲೂ ‘ದೈವತ್ವ ಪಡೆದ ಆಗಸ್ಟಸನ ಮಗ’ ಎಂಬ ಅರ್ಥದ ಲೇಖ. ಇನ್ನೊಂದು ಕಡೆ ಕುರ್ಚಿಯ ಮೇಲೆ ಕುಳಿತ ಹೆಂಗಸು, ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಚಿಗುರು ಕೊಂಬೆ. ಅವಳು ಅವನ ತಾಯಿ ಲಿವಿಯಾ ಇರಬಹುದೆಂದು ಹಲವರ ಅಭಿಪ್ರಾಯ. ಅಕ್ಷರಗಳು ಅಂಚಿನ ಸುತ್ತ ಬಿಡುವಿಲ್ಲದೆ ಸಾಗುತ್ತವೆ, ಪದಗಳನ್ನು ಮೊಟಕು ಮಾಡಿರುತ್ತಾರೆ, ‘ಯು’ ಬರಬೇಕಾದಲ್ಲಿ ‘ವಿ’ ಇರುತ್ತದೆ. ಮೊದಲ ವಾರ ತಲೆ ತಿರುಗುತ್ತದೆ, ಆಮೇಲೆ ಹಳ್ಳಿಯ ಬಸ್ಸಿನ ಬೋರ್ಡು ಓದಿದಷ್ಟೇ ಸುಲಭ. ಓದಿದ್ದನ್ನು ತಾಳೆ ನೋಡಲು, ಒಂದೊಂದು ಬಗೆಯ ನಾಣ್ಯಕ್ಕೂ ಸಂಖ್ಯೆ ಕೊಡುವ ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಅನ್ನುವ ಗ್ರಂಥಮಾಲೆ 1923ರಿಂದ ಬರುತ್ತಿದೆ. ಅದರ ಮೊದಲ ಸಂಪುಟದ 1984ರ ಪರಿಷ್ಕೃತ ಮುದ್ರಣದಲ್ಲಿ ಆ ಇಬ್ಬರು ಹುಡುಗರ ನಾಣ್ಯಕ್ಕೆ 207ನೆಯ ಸಂಖ್ಯೆ. ನಾಣ್ಯ ಕೊಡುವವನು ಇಂಥ ಸಂಖ್ಯೆ ಹೇಳದೆ ಬರೀ ‘ಎರಡು ಸಾವಿರ ವರ್ಷದ್ದು ಮೇಡಂ’ ಅಂದರೆ ಅಲ್ಲಿಂದ ಎದ್ದು ಬಾ.

ತೂಕ ಹಾಕದೆ ಯಾವುದನ್ನೂ ನಂಬಬೇಡ. ಆಗಸ್ಟಸನ ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ಡಿನೇರಿಯಸ್ ಹೊಡೆಯುತ್ತಿದ್ದರು, ಒಂದೊಂದು 3.9 ಗ್ರಾಂ ಆಸುಪಾಸು. ಕ್ರಿ.ಶ. 64ರಲ್ಲಿ ನೀರೋ ಅದನ್ನು 96ಕ್ಕೆ ಏರಿಸಿದ, ಬೆಳ್ಳಿಯ ಶುದ್ಧಿಯನ್ನೂ ಇಳಿಸಿದ. ನಮ್ಮ ವರ್ತಕರು ಇದನ್ನು ಗಮನಿಸದೆ ಇರಲಿಲ್ಲ. ಭಾರತದಲ್ಲಿ ಸಿಗುವ ಬೆಳ್ಳಿ ರಾಶಿಗಳಲ್ಲಿ ಹಳೆಯ ಭಾರದ ನಾಣ್ಯಗಳೇ ತುಂಬಿವೆ, ನೀರೋ ತಿದ್ದಿದ ಮೇಲಿನವು ಅಪರೂಪ. ಲೋಹ ಪರೀಕ್ಷಿಸಲು ಉಳಿಯಿಂದ ಕಚ್ಚು ಹಾಕಿರುವುದನ್ನೂ ಕಾಣುತ್ತೀಯ. ಚಿನ್ನದ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖಕ್ಕೇ ಅಡ್ಡ ಗೀರು ಎಳೆದವಿವೆ. ತಲೆಯ ಮೇಲ್ಗಡೆ ಎರಡು ತೂತು ಕೊರೆದು ಕಾಸಿನ ಸರದ ಹಾಗೆ ಕೊರಳಿಗೆ ಹಾಕಿಕೊಂಡವೂ ಇವೆ. ‘ಡ್ಯಾಮೇಜ್ ಆಗಿದೆ’ ಅಂತ ಅಂಗಡಿಯವರು ಅಂಥವಕ್ಕೆ ಬೆಲೆ ಇಳಿಸುತ್ತಾರೆ. ನನ್ನ ಕೇಳಿದರೆ, ಆ ತೂತೇ ಅದು ಇಲ್ಲಿ ಬಾಳಿತು ಅನ್ನುವುದಕ್ಕೆ ಸಾಕ್ಷಿ.

ನಕಲಿಯ ಕಾಟ ವಿಪರೀತ. ಅಸಲು ನಾಣ್ಯವನ್ನು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದಿರುತ್ತಾರೆ, ಅಕ್ಷರದ ಅಂಚು ಚೂಪಾಗಿರುತ್ತದೆ, ಲೋಹ ಹೊರಕ್ಕೆ ಹರಿದ ಗೆರೆಗಳು ಕಾಣುತ್ತವೆ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರ ಮೊಂಡು, ಮೈಮೇಲೆ ಸಣ್ಣ ಗುಳಿಗಳು, ಅಂಚಿನ ಸುತ್ತ ಅರದಿಂದ ಉಜ್ಜಿದ ಗೆರೆ. ಆದರೆ ತಾಮ್ರದ ಮೇಲೆ ಬೆಳ್ಳಿ ಹೊದಿಸಿದ ಕಳ್ಳ ನಾಣ್ಯಗಳು ರೋಮಿನ ಕಾಲದಲ್ಲೇ ಇದ್ದವು, ನಮ್ಮವರೇ ಅನುಕರಿಸಿ ಮಾಡಿದ ಒರಟು ನಾಣ್ಯಗಳೂ ಇದ್ದವು. ಅವನ್ನು ನಕಲಿ ಅಂತ ಎಸೆಯುವಂತಿಲ್ಲ, ಅವೂ ಇತಿಹಾಸವೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸು, ಗ್ರಾಂನ ನೂರನೇ ಒಂದು ಭಾಗ ತೋರಿಸುವ ತಕ್ಕಡಿ, ಒಂದು ವರ್ನಿಯರ್ ಕ್ಯಾಲಿಪರ್. ಈ ತಿಂಗಳ ಸಂಬಳದಲ್ಲಿ ಇವನ್ನು ತೆಗೆದುಕೊ. ಕೈ ಪಳಗಿಸಿಕೊಳ್ಳಲು ನಾಲ್ಕನೇ ಶತಮಾನದ ಕಾನ್‌ಸ್ಟಂಟೈನನ ಕಾಲದ ಸಣ್ಣ ತಾಮ್ರದ ನಾಣ್ಯಗಳು ಸಾಕು. ಅವು ಅಗ್ಗ, ಅವುಗಳ ಕೆಳಗಡೆ ಟಂಕಸಾಲೆಯ ಗುರುತೂ ಇರುತ್ತದೆ.

ಸಿಕ್ಕ ನಾಣ್ಯವನ್ನು ಉಜ್ಜಬೇಡ. ನಿಮ್ಮಮ್ಮ ದೇವರ ದೀಪಕ್ಕೆ ಹಾಕುವ ಹುಣಸೆಹುಳಿ, ಪೀತಾಂಬರಿ ಪುಡಿ, ಹಲ್ಲುಪುಡಿ, ಯಾವುದೂ ಅದರ ಹತ್ತಿರ ಸುಳಿಯಬಾರದು. ಎರಡು ಸಾವಿರ ವರ್ಷ ಕೂತ ಕಪ್ಪು ಪದರ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ, ಅದರ ಜೊತೆ ಅಕ್ಷರದ ಚೂಪೂ ಹೋಗುತ್ತದೆ. ಅಂಚು ಹಿಡಿದು ಎತ್ತು, ಪಿವಿಸಿ ಕವರಿನಲ್ಲಿ ಇಡಬೇಡ. ಅಷ್ಟು ಸಾಕು.

ಇನ್ನು ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. ನಾಳೆ ಯಾರಾದರೂ ನಿನ್ನ ಕಿವಿಯಲ್ಲಿ, ‘ಮೆಟ್ರೊ ಕಾಮಗಾರಿಯಲ್ಲಿ ಸಿಕ್ಕಿದ್ದು, ಯಲಹಂಕದ ಪಾಯದಲ್ಲಿ ಸಿಕ್ಕಿದ್ದು, ಯಾರಿಗೂ ಹೇಳಬೇಡಿ’ ಅನ್ನಬಹುದು. ಆ ಮಾತು ನಿಜವಾದರೆ ಅದನ್ನು ಕೊಳ್ಳುವುದು ಅಪರಾಧಕ್ಕೆ ಕೈ ಜೋಡಿಸಿದಂತೆ, ಸುಳ್ಳಾದರೆ ನೀನು ಮೋಸ ಹೋದಂತೆ. ಎರಡರಲ್ಲೂ ನಿನಗೆ ಒಳ್ಳೆಯದಿಲ್ಲ.

ಕಾನೂನು ಹಾಗಿರಲಿ, ಇದರಿಂದ ಆಗುವ ನಷ್ಟ ಎಷ್ಟು ದೊಡ್ಡದು ನೋಡು. ಒಂದು ಮಡಕೆಯಲ್ಲಿ ಇನ್ನೂರು ನಾಣ್ಯ ಸಿಕ್ಕಿದೆ ಅಂದುಕೊ. ಬಹುಪಾಲು ಟೈಬೀರಿಯಸನದು, ಒಂದೇ ಒಂದು ಕ್ಲಾಡಿಯಸನದು. ಅಗೆದವನು ಆ ಒಂದು ವಿರಳವೆಂದು ಜೇಬಿಗೆ ಹಾಕಿಕೊಂಡು ಉಳಿದದ್ದನ್ನು ಒಪ್ಪಿಸಿದ. ಟೈಬೀರಿಯಸ್ ತೀರಿಕೊಂಡದ್ದು ಕ್ರಿ.ಶ. 37ರಲ್ಲಿ, ಕ್ಲಾಡಿಯಸ್ ಪಟ್ಟಕ್ಕೆ ಬಂದದ್ದು 41ರಲ್ಲಿ. ರಾಶಿಯಲ್ಲಿ ಎಲ್ಲಕ್ಕಿಂತ ಕಡೆಯ ನಾಣ್ಯ ಯಾವುದೋ ಅದಾದ ಮೇಲೆಯೇ ಆ ಮಡಕೆ ಮಣ್ಣು ಸೇರಿರಬೇಕು. ಎಷ್ಟು ವರ್ಷದ ಮೇಲೆ ಅಂತ ನಾಣ್ಯ ಹೇಳುವುದಿಲ್ಲ, ಅದಕ್ಕಿಂತ ಮುಂಚೆ ಅಲ್ಲ ಅಂತ ಖಚಿತವಾಗಿ ಹೇಳುತ್ತದೆ. ಆ ಒಂದು ನಾಣ್ಯ ಹೋದದ್ದರಿಂದ ಇಡೀ ರಾಶಿಯ ಕಾಲನಿರ್ಣಯ ತಪ್ಪಿತು. ತಪ್ಪಿದೆ ಅಂತ ಯಾರಿಗೂ ತಿಳಿಯುವುದೂ ಇಲ್ಲ. ಮಡಕೆ ಯಾವ ಬಗೆಯದು, ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು, ಇವೆಲ್ಲ ಆಗಲೇ ಜೆಸಿಬಿ ಬಾಯಿಗೆ ಹೋಗಿರುತ್ತವೆ. ಯಶವಂತಪುರದ 256 ನಾಣ್ಯಗಳ ಬಗ್ಗೆ ಇವತ್ತು ನಾವು ಮಾತಾಡುತ್ತಿರುವುದು ಅವು ಒಟ್ಟಿಗೆ ಸರ್ಕಾರದ ಕೈ ಸೇರಿ, ರಾಜ್ಯದ ಪುರಾತತ್ವ ಇಲಾಖೆ ಅವುಗಳ ಮೇಲೆ ಒಂದು ಪುಸ್ತಕವನ್ನೇ ತಂದದ್ದರಿಂದ. ಬಿಡಿಬಿಡಿಯಾಗಿ ಮಾರಾಟವಾಗಿದ್ದರೆ ಅವು ಇನ್ನೂರೈವತ್ತಾರು ಮನೆಗಳ ಬೀರುವಿನಲ್ಲಿ ಬರೀ ಬೆಳ್ಳಿಯಾಗಿ ಇರುತ್ತಿದ್ದವು.

ಆದ್ದರಿಂದ ನೆಲದಲ್ಲಿ ಸಿಕ್ಕ ನಿಧಿಯ ಸುದ್ದಿ ನಿನಗೆ ತಿಳಿದರೆ ಜಿಲ್ಲಾಧಿಕಾರಿ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸು. 1962ರ ಕರ್ನಾಟಕ ನಿಧಿ ಕಾಯ್ದೆ ಇರುವುದು ಇದಕ್ಕೇ. ನೂರು ವರ್ಷ ದಾಟಿದ ವಸ್ತುವಿನ ವ್ಯಾಪಾರಕ್ಕೆ 1972ರ ಕಾಯ್ದೆಯಂತೆ ಲೈಸೆನ್ಸ್ ಬೇಕು, ಅಂಥದ್ದನ್ನು ಹೊರದೇಶಕ್ಕೆ ಕಳಿಸುವಂತೆಯೂ ಇಲ್ಲ. ಅಮೆರಿಕದ ಸ್ನೇಹಿತರಿಗೆ ಉಡುಗೊರೆ ಕೊಡುವ ಯೋಚನೆಯಿದ್ದರೆ ಈಗಲೇ ಬಿಟ್ಟುಬಿಡು.

ನೀನು ಹಣ ಕೊಟ್ಟು ಕೊಂಡ ಪ್ರತಿ ನಾಣ್ಯಕ್ಕೂ ಒಂದು ಚೀಟಿ ಮಾಡು. ಯಾರಿಂದ ಕೊಂಡದ್ದು, ಯಾವ ದಿನ, ಅದಕ್ಕೂ ಮುಂಚೆ ಯಾರ ಬಳಿ ಇತ್ತು, ತೂಕ, ಅಗಲ, ಗ್ರಂಥದ ಸಂಖ್ಯೆ, ಎಲ್ಲ ಬರೆ. ರಸೀದಿ ಅದರ ಜೊತೆಗೇ ಇರಲಿ. ಚೀಟಿ ಬರೆಯಲಾಗದ ನಾಣ್ಯ ಎಷ್ಟೇ ಚೆಂದವಿದ್ದರೂ, ಎಷ್ಟೇ ಅಗ್ಗಕ್ಕೆ ಬಂದರೂ, ಮನೆಗೆ ತರಬೇಡ.