ಬದು ಒತ್ತಿದವರನ್ನು ಪ್ರೀತಿಸುವುದು ಹೇಗೆ?

ತಾಯಿ, ಪಕ್ಕದ ಹೊಲದವರು ಬದು ಒತ್ತಿ ಉತ್ತಿದ್ದಾರೆ, ಸಭಾಪಾಲಕರು ಕ್ಷಮಿಸಿ ಅನ್ನುತ್ತಾರೆ, ಯಜಮಾನರು ಮಧುಗಿರಿ ಕೋರ್ಟಿಗೆ ಹೊರಟಿದ್ದಾರೆ ಎಂದು ಬರೆದಿದ್ದೀರಿ. ಕ್ಷಮಿಸಿದರೆ ನೆಲ ಬಿಟ್ಟುಕೊಟ್ಟಂತೆ ಎಂಬುದು ನಿಮ್ಮ ಅಳುಕು. ನನಗೆ ಹಾಗನ್ನಿಸುವುದಿಲ್ಲ.

1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ವಾಹನದೊಳಗೇ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು. ಬಾರಿಪದದ ಕುಷ್ಠರೋಗಿಗಳ ಸೇವೆಯನ್ನೂ ಮುಂದುವರಿಸಿದರು. ಹಾಗೆಂದು ಮೊಕದ್ದಮೆ ನಿಲ್ಲಲಿಲ್ಲ, ಶಿಕ್ಷೆಯೂ ಆಯಿತು. ದ್ವೇಷ ಬಿಡುವುದು ಬೇರೆ, ನ್ಯಾಯ ಬಿಡುವುದು ಬೇರೆ.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ತೆಗೆದು ನೋಡಿ. ತಪ್ಪು ಮಾಡಿದವನ ಜೊತೆ ಮೊದಲು ಒಬ್ಬರೇ ಮಾತಾಡಬೇಕು, ಕೇಳದಿದ್ದರೆ ಒಂದಿಬ್ಬರನ್ನು ಕರೆದೊಯ್ಯಬೇಕು ಎಂಬ ಕ್ರಮ ಅಲ್ಲಿದೆ. ನಾವು ಮಾಡುವುದು ಉಲ್ಟಾ: ಮೊದಲು ಅರಳಿಕಟ್ಟೆಯಲ್ಲಿ ದೂರು, ಆಮೇಲೆ ವಕೀಲರು, ಮಾತುಕತೆ ಕೊನೆಗೆ! ಯಜಮಾನರು ಒಂದು ಸಂಜೆ ಪಕ್ಕದ ಹೊಲದವರ ಮನೆಗೇ ಹೋಗಲಿ. ಹಳೆಯದನ್ನೆಲ್ಲ ಕೆದಕದೆ, ಸರ್ವೆಯವರಿಂದ ಗಡಿ ಅಳೆಸಿ ಹದ್ದುಬಸ್ತು ಮಾಡಿಸೋಣ ಎಂದಷ್ಟೇ ಕೇಳಲಿ. ಅಳತೆಯ ದಿನ ಎರಡೂ ಮನೆಯವರು ಹೊಲದಲ್ಲಿರಬೇಕು.

ಒಪ್ಪದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಲೋಕ ಅದಾಲತ್ ಕೇಳಿ. ಶುಲ್ಕವಿಲ್ಲ; ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲೂ ಇಲ್ಲ.

ಈ ನಡುವೆ ಅವರ ಮನೆಯ ಮದುವೆ, ಸಾವು-ನೋವಿಗೆ ಹೋಗುವುದನ್ನು ನಿಲ್ಲಿಸಬೇಡಿ. ಹದ್ದುಬಸ್ತಿನ ಅರ್ಜಿ ಮಾತ್ರ ತಡಮಾಡದೆ ಹಾಕಿ, ಕಡ್ಲೆಕಾಯಿ ಬಿತ್ತನೆಗೆ ಮುಂಚೆ ಕಲ್ಲು ನೆಡಿಸಿಬಿಡಿ.