ಮೊದಲು ಬ್ರೇಕ್, ಆಮೇಲೆ ಎಂಜಿನ್

ಅಜ್ಜನ ಪ್ರೀಮಿಯರ್ ಪದ್ಮಿನಿಯನ್ನು ಹಾಟ್ ರಾಡ್ ಮಾಡುವ ನಿಮ್ಮ ಆಸೆ ನನಗೆ ತುಂಬ ಹಿಡಿಸಿತು. ಮುಂಬೈಯ ಕುರ್ಲಾದಲ್ಲೇ ತಯಾರಾಗುತ್ತಿದ್ದ ಕಾರದು. ಬಿಡಿಭಾಗಕ್ಕೂ ಅಲ್ಲಿನ ಸಿಎಸ್‌ಟಿ ರಸ್ತೆಯ ಅಂಗಡಿಗಳನ್ನೇ ಸುತ್ತಿ.

ದೊಡ್ಡ ಎಂಜಿನ್‌ಗೆ ಮಾತ್ರ ಅವಸರ ಬೇಡ. 1089 ಸಿಸಿ ಎಂಜಿನ್‌ಗೆಂದು ಕೊಟ್ಟ ಡ್ರಮ್ ಬ್ರೇಕುಗಳು ಇಮ್ಮಡಿ ಶಕ್ತಿಯನ್ನು ತಡೆಯಲಾರವು. ಮುಂಬೈಯ ಉಪ್ಪುಗಾಳಿ, ಮಳೆಗೆ ತಳದ ತಗಡು ತುಕ್ಕು ಹಿಡಿದಿರುತ್ತದೆ. ಮೊದಲು ಆ ತುಕ್ಕನ್ನು ತೆಗೆಸಿ. ಬ್ರೇಕ್, ಸ್ಟೀರಿಂಗ್, ವೈರಿಂಗ್ ಸರಿಪಡಿಸಿ. ಕಾರ್ಬ್ಯುರೇಟರನ್ನು ನೀವೇ ಬಿಚ್ಚಿ ಜೋಡಿಸಿ, ಕೈ ಪಳಗುತ್ತದೆ.

ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಡಿ ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿದೆ. ಹಾಗಾಗಿ ಎಂಜಿನ್ ಮುಟ್ಟುವ ಮುಂಚೆ ಆರ್‌ಟಿಒದ ಲಿಖಿತ ಅನುಮತಿ ಪಡೆಯಿರಿ. ಆರ್‌ಸಿ ನವೀಕರಣವಾಗಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ.