ಗಾಳಿಮಳೆಗೆ ಮುಂಚಿನ ಕೆಲಸ

ಪಟ್ಟಣ ಬಿಟ್ಟು ತೋಟ ಮಾಡಲು ಊರಿಗೆ ಬಂದಿದ್ದೀಯ, ಊರಿನ ಕೆಲಸಕ್ಕೂ ಮುಂದೆ ನಿಲ್ಲುತ್ತಿದ್ದೀಯ. ಸಂತೋಷ ಕಣಪ್ಪ. ಅದಕ್ಕೇ ಒಂದು ಮಾತು ಹೇಳುತ್ತೇನೆ. ಗಾಳಿಮಳೆಗೆ ಹೋದ ಕರೆಂಟು ಮಾರನೆಯ ದಿನ ಬರುತ್ತದೋ ವಾರ ಹಿಡಿಯುತ್ತದೋ ಎನ್ನುವುದು ಬಹುಪಾಲು ಗಾಳಿ ಏಳುವ ಮುಂಚೆಯೇ, ನಮ್ಮ ತೋಟಗಳಲ್ಲೇ ತೀರ್ಮಾನವಾಗಿರುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ 11 ಕೆವಿ ಲೈನು ತೆಂಗಿನ ತೋಟಗಳ ನಡುವೆಯೇ ಹಾದುಹೋಗಬೇಕು. ಅಶ್ವಿನಿ, ಭರಣಿ ಮಳೆ ಬರುವುದೇ ಗುಡುಗು, ಬಿರುಗಾಳಿ ಕಟ್ಟಿಕೊಂಡು. ಒಂದು ಮರ ತಂತಿಯ ಮೇಲೆ ಉರುಳಿದರೆ ಆ ಎಳೆತಕ್ಕೆ ಅಕ್ಕಪಕ್ಕದ ಕಂಬಗಳೂ ಮುರಿಯುತ್ತವೆ. ಮನೆ ಕತ್ತಲಾಗುವುದು ಸಣ್ಣ ಕಷ್ಟ. ಬೋರಿನ ಮೋಟರ್ ನಿಂತರೆ ಊರಿನ ಟ್ಯಾಂಕ್ ತುಂಬುವುದಿಲ್ಲ, ಶುದ್ಧ ನೀರಿನ ಘಟಕ ಓಡುವುದಿಲ್ಲ, ದನದ ತೊಟ್ಟಿ ಒಣಗುತ್ತದೆ.

2018ರ ನವೆಂಬರ್ 16ರಂದು ಗಜ ಚಂಡಮಾರುತ ತಮಿಳುನಾಡಿನ ವೇದಾರಣ್ಯದ ಬಳಿ ದಡ ಹತ್ತಿ, ಪಟ್ಟುಕ್ಕೋಟೈ, ಪೇರಾವೂರಣಿಯ ತೆಂಗಿನ ಸೀಮೆಯನ್ನು ಮಲಗಿಸಿತು. ಮುರಿದ ವಿದ್ಯುತ್ ಕಂಬಗಳೇ ಲಕ್ಷ ದಾಟಿದವು. ಕೇರಳದ ಲೈನ್‌ಮನ್‌ಗಳೂ ನೆರವಿಗೆ ಹೋದರು. ಆದರೂ ಎಷ್ಟೋ ಹಳ್ಳಿಗಳು ವಾರಗಟ್ಟಲೆ ಕಾಯಬೇಕಾಯಿತು. ಅಲ್ಲಿಯವರೆಗೆ ಜನರೇಟರ್ ಹಚ್ಚಿ ಟ್ಯಾಂಕ್ ತುಂಬಿಸಿದರು. ಅಂಥ ಚಂಡಮಾರುತ ನಮ್ಮ ಬಯಲುಸೀಮೆಗೆ ಬರಲಿಕ್ಕಿಲ್ಲ. ಆದರೆ ತೆಂಗು ಬಿದ್ದರೆ ಕಂಬಕ್ಕೂ ನೀರಿಗೂ ಆಗುವ ಗತಿ ಅಲ್ಲಿಗೂ ಇಲ್ಲಿಗೂ ಒಂದೇ.

ಹಾಗಾಗಿ ಲೈನಿನ ಕೆಳಗೆ ತೆಂಗಿನ ಸಸಿ ಇಡಬೇಡ. ಇವತ್ತು ಮೊಣಕಾಲುದ್ದ ಇರುವ ಸಸಿಯ ಗರಿ ಮುಂದೆ ಹದಿನೈದು ಅಡಿ ಚಾಚುತ್ತದೆ. ಆ ಜಾಗದಲ್ಲಿ ನಿಂಬೆಯನ್ನೋ ಮೇವನ್ನೋ ಬೆಳೆದುಕೊ. ಅಣಬೆ ರೋಗ ಬಂದು ಬುಡ ಕೊಳೆತ ಮರ ಲೈನಿನ ಹತ್ತಿರವಿದ್ದರೆ, ಇನ್ನೆರಡು ಕೊಯ್ಲಿನ ಕಾಯಿ ಸಿಗಲಿ ಎಂದು ಉಳಿಸಬೇಡ. ಮೊದಲ ಗಾಳಿಗೆ ಬೀಳುವುದು ಅದೇ. ಕಡಿಯುವ ಮುಂಚೆ ಬೆಸ್ಕಾಂ ಶಾಖಾ ಕಚೇರಿಗೆ ಹೇಳಿ, ಲೈನ್ ಆಫ್ ಮಾಡಿಸಿಕೊಂಡೇ ಕೊಡಲಿ ಹಾಕು.

ನಿಮ್ಮೂರಿನ ಫೀಡರ್ ಹೆಸರು, ಟಿಸಿ (ಟ್ರಾನ್ಸ್‌ಫಾರ್ಮರ್) ನಂಬರು ಬರೆದು ನೀರುಗಂಟಿಯ ಕೈಗೂ ಕೊಟ್ಟಿರು. ರಾತ್ರಿ 1912ಕ್ಕೆ ಫೋನ್ ಮಾಡಿ "ಕರೆಂಟಿಲ್ಲ" ಎಂದಷ್ಟೇ ಹೇಳಿದರೆ ಲೈನ್‌ಮನ್ ಫೀಡರ್ ಉದ್ದಕ್ಕೂ ಹುಡುಕಬೇಕು. "ಇಂಥ ಟಿಸಿಯ ಪಕ್ಕ, ಇಂಥವರ ತೋಟದಲ್ಲಿ ಮರ ಬಿದ್ದಿದೆ" ಎಂದರೆ ನೇರ ಅಲ್ಲಿಗೇ ಬರುತ್ತಾನೆ. ಬಿದ್ದ ತಂತಿಯ ಹತ್ತಿರ ಜನ, ದನ ಸುಳಿಯದಂತೆ ಕಾಯಿ. ಫ್ಯೂಸ್ ಹಾಕಲು ಟಿಸಿ ಹತ್ತುವ ಸಾಹಸ ಯಾರಿಗೂ ಬೇಡ. ಮನೆಯ ಜನರೇಟರ್‌ಗೆ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ಅದರ ಕರೆಂಟು ಹಿಂದಕ್ಕೆ ಹರಿದು, ಕಂಬದ ಮೇಲಿರುವವನ ಜೀವ ತೆಗೆದೀತು.

ಕರೆಂಟು ಬಂದ ಗಳಿಗೆಯಲ್ಲಂತೂ ತಾಳ್ಮೆ ಬೇಕೇ ಬೇಕು. ನೇರ ಸ್ಟಾರ್ಟರಿನ ಮೋಟರ್ ಹೊರಡುವಾಗ, ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಎಲ್ಲರ ಆಟೋ ಸ್ಟಾರ್ಟರ್ ಒಟ್ಟಿಗೇ ಎದ್ದರೆ ಟಿಸಿ ಸುಟ್ಟು, ಮಾಡಿದ ರಿಪೇರಿಯೆಲ್ಲ ನೀರಿನಲ್ಲಿ ಹೋಮ. ಆಟೋ ಸ್ಟಾರ್ಟರ್ ತೆಗೆಸಿ, ಸರದಿ ಗೊತ್ತುಮಾಡು. ಕುಡಿಯುವ ನೀರಿನ ಮೋಟರ್ ಮೊದಲು ಓಡಲಿ, ತೋಟಕ್ಕೆ ಆಮೇಲೆ ಬಿಡಬಹುದು. ಕೆಟ್ಟು ನಿಂತಿರುವ ಕೈಪಂಪನ್ನು ಪಂಚಾಯ್ತಿಯವರಿಗೆ ಹೇಳಿ ರಿಪೇರಿ ಮಾಡಿಸು. ಅದಕ್ಕೆ ಕರೆಂಟಿನ ಹಂಗಿಲ್ಲ.

ಯುಗಾದಿಗೆ ಮುಂಚೆ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಲೈನಿನ ಉದ್ದಕ್ಕೂ ಒಮ್ಮೆ ನಡೆ. ವಾಲಿದ ಕಂಬ, ಜೋತ ತಂತಿ, ಕೊಳೆತ ಮರ ಎಲ್ಲವನ್ನೂ ಬರೆದು ಶಾಖಾ ಕಚೇರಿಗೆ ಕೊಟ್ಟು ಸಹಿ ಹಾಕಿಸಿಕೊಂಡು ಬಾ. ಕೆಲಸ ಆಗುವವರೆಗೂ ಬೆನ್ನು ಬಿಡಬೇಡ.